ವಿದೇಶದ ಗುತ್ತಿಗೆದಾರರಿಗೆ ಲೈಸೆನ್ಸ್ ಮಾರುವವರು ಹೇಳದ ತೆರಿಗೆ ಲೆಕ್ಕ

ಮಾನ್ಯ ಸಂಪಾದಕರೇ,

ಮಂಜೇಶ್ವರದಿಂದ ಹೊಸದುರ್ಗದವರೆಗಿನ ನಮ್ಮ ಊರುಗಳಲ್ಲಿ ಗಲ್ಫಿಗೆ ಹೋದವರಿಲ್ಲದ ಕುಟುಂಬ ಸಿಗುವುದು ಕಷ್ಟ. ಆದರೆ ಹೋಗುವ ರೀತಿ ಈಚೆಗೆ ಬದಲಾಗಿದೆ. ಹಿಂದೆ ಕಂಪನಿಯ ವೀಸಾದಲ್ಲಿ ಹೋಗಿ ತಿಂಗಳ ಸಂಬಳ ಎಣಿಸುತ್ತಿದ್ದ ಎಲೆಕ್ಟ್ರಿಷಿಯನ್‌ಗಳು, ಎಸಿ ಡಕ್ಟ್ ಕೆಲಸದವರು, ಜಿಪ್ಸಂ ಸೀಲಿಂಗಿನವರು, ಡ್ರಾಫ್ಟ್ಸ್‌ಮನ್‌ಗಳು, ಸಾಫ್ಟ್‌ವೇರಿನವರು ಈಗ ಸ್ವಂತ ಲೈಸೆನ್ಸ್ ಮಾಡಿಸಿಕೊಂಡು ಗುತ್ತಿಗೆಯಲ್ಲಿ ದುಡಿಯುತ್ತಿದ್ದಾರೆ. ಕೆಲವರಿಗೆ ಅದು ಬಡ್ತಿ. ಇನ್ನು ಕೆಲವರಿಗೆ ಆಯ್ಕೆಯೇ ಇರಲಿಲ್ಲ. ಸಂಬಳ ಕೊಡುತ್ತಿದ್ದ ಕಂಪನಿಯೇ ‘ಇನ್ನು ಮುಂದೆ ಬಿಲ್ ಕೊಟ್ಟು ಹಣ ತೆಗೆದುಕೊಳ್ಳಿ’ ಎಂದು ಹೇಳಿ, ವೀಸಾ, ರಜೆ, ಗ್ರಾಚ್ಯುಟಿಗಳ ಹೊರೆಯನ್ನು ತನ್ನ ತಲೆಯಿಂದ ಇಳಿಸಿಕೊಂಡಿದೆ. ಬದಿಯಡ್ಕದಲ್ಲಿ ತೆರಿಗೆ ರಿಟರ್ನ್ಸ್ ಸಲ್ಲಿಸಿಕೊಡುವ ಸಣ್ಣ ಕಚೇರಿಯೊಂದನ್ನು ನಡೆಸುತ್ತಿರುವ ನನ್ನ ಮುಂದೆ ಬಂದು ಕುಳಿತುಕೊಳ್ಳುವ ಅನಿವಾಸಿಗಳಲ್ಲಿ ಇಂಥವರ ಸಂಖ್ಯೆ ಹೆಚ್ಚುತ್ತಿದೆ. ಸಂಬಳದವರಿಗೆ ಹೊಂದುತ್ತಿದ್ದ ತೆರಿಗೆಯ ತಿಳಿವಳಿಕೆಯನ್ನೇ ಇವರು ಗುತ್ತಿಗೆಗೂ ಹೊಂದಿಸಿಕೊಂಡು ತೊಂದರೆಗೆ ಸಿಲುಕುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೊಬೈಲ್ ತೆರೆದರೆ ಸಾಕು, ‘ತೆರಿಗೆಯೇ ಇಲ್ಲದ ನಾಡಿನಲ್ಲಿ ನಿಮ್ಮದೇ ಕಂಪನಿ’ ಎಂಬ ಜಾಹೀರಾತು ಮಲಯಾಳದಲ್ಲೋ ಹಿಂದಿಯಲ್ಲೋ ಕಣ್ಣಿಗೆ ಬೀಳುತ್ತದೆ. ಅಂಥ ಒಬ್ಬ ಏಜೆಂಟರು ಕೊಟ್ಟ ಕೊಟೇಶನ್ ಹಾಳೆಯನ್ನು ಯುವಕನೊಬ್ಬ ಈಚೆಗೆ ನನ್ನ ಮೇಜಿನ ಮೇಲಿಟ್ಟ. ಲೈಸೆನ್ಸ್ ಶುಲ್ಕ, ಎಸ್ಟಾಬ್ಲಿಷ್‌ಮೆಂಟ್ ಕಾರ್ಡ್, ವೀಸಾ, ಮೆಡಿಕಲ್, ಎಮಿರೇಟ್ಸ್ ಐಡಿ, ಟೈಪಿಂಗ್ ಎಂದು ಒಂದೊಂದಕ್ಕೂ ದಿರ್ಹಮ್ ನಮೂದಿಸಿದ್ದ ಆ ಹಾಳೆಯ ಕೊನೆಯಲ್ಲಿ ‘ತೆರಿಗೆ: ಸೊನ್ನೆ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಎರಡನೆಯ ವರ್ಷದ ನವೀಕರಣಕ್ಕೆ ಎಷ್ಟು, ಲೆಕ್ಕಪತ್ರ ಬರೆಯುವವರು ಯಾರು, ಕಾರ್ಪೊರೇಟ್ ತೆರಿಗೆಗೆ ನೋಂದಣಿ ಮಾಡಿಸುವವರು ಯಾರು, ಕೆಲಸ ಸಿಗದೆ ಊರಿಗೆ ಮರಳಿದರೆ ಲೈಸೆನ್ಸನ್ನು ರದ್ದು ಮಾಡಿಸಲು ಏನು ಖರ್ಚು ಎಂಬ ಒಂದು ಸಾಲೂ ಅದರಲ್ಲಿರಲಿಲ್ಲ. ‘ಅಲ್ಲಿ ಟ್ಯಾಕ್ಸೇ ಇಲ್ಲವಲ್ಲ ಅಣ್ಣ, ಮತ್ತೆ ನೋಂದಣಿ ಯಾಕೆ?’ ಎಂದು ಆ ಯುವಕ ಕೇಳಿದ. ಪ್ರಶ್ನೆ ಅವನೊಬ್ಬನದಲ್ಲ, ಈ ಕಡೆಯ ನೂರಾರು ಮನೆಗಳದ್ದು.

ಅಲ್ಲಿ ತೆರಿಗೆ ಇಲ್ಲವೆಂಬ ಮಾತು ಸಂಬಳಕ್ಕೆ ಇಂದಿಗೂ ನಿಜ, ವ್ಯವಹಾರಕ್ಕೆ ಅಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2018ರ ಜನವರಿಯಿಂದ ಶೇಕಡ 5ರ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಇದೆ; 2023ರ ಜೂನ್ 1ರಂದು ಅಥವಾ ಆಮೇಲೆ ಆರಂಭವಾದ ಹಣಕಾಸು ವರ್ಷಗಳಿಂದ ಕಾರ್ಪೊರೇಟ್ ತೆರಿಗೆಯೂ ಬಂದಿದೆ. 3,75,000 ದಿರ್ಹಮ್‌ವರೆಗಿನ ಲಾಭಕ್ಕೆ ಸೊನ್ನೆ, ಅದರ ಮೇಲಿನದಕ್ಕೆ ಶೇಕಡ 9. ಇಷ್ಟನ್ನು ಕೇಳಿದವರು ‘ನಮಗೆ ಅಷ್ಟು ಲಾಭ ಎಲ್ಲಿ’ ಎಂದು ನಕ್ಕುಬಿಡುತ್ತಾರೆ. ತೊಡಕಿರುವುದು ತೆರಿಗೆಯ ದರದಲ್ಲಿ ಅಲ್ಲ, ಯಾವ ರೂಪದ ಲೈಸೆನ್ಸ್ ತೆಗೆದುಕೊಂಡಿದ್ದೀರಿ ಎಂಬುದರಲ್ಲಿ.

ಒಬ್ಬನ ಹೆಸರಿನಲ್ಲೇ ಇರುವ ಎಸ್ಟಾಬ್ಲಿಷ್‌ಮೆಂಟ್ ಅಥವಾ ಫ್ರೀಲಾನ್ಸ್ ಪರ್ಮಿಟ್ ಪಡೆದವನನ್ನು ಅಲ್ಲಿಯ ಕಾನೂನು ವ್ಯಕ್ತಿಯೆಂದೇ ನೋಡುತ್ತದೆ. ಕ್ಯಾಲೆಂಡರ್ ವರ್ಷವೊಂದರಲ್ಲಿ ಅವನ ವ್ಯವಹಾರದ ವಹಿವಾಟು 10 ಲಕ್ಷ ದಿರ್ಹಮ್ ದಾಟದಿದ್ದರೆ ಕಾರ್ಪೊರೇಟ್ ತೆರಿಗೆಯ ಗೊಡವೆಯೇ ಅವನಿಗಿಲ್ಲ. ಸಂಬಳ, ಸ್ವಂತ ಹೂಡಿಕೆ, ಮನೆ ಬಾಡಿಗೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಅದೇ ಮನುಷ್ಯ ಏಜೆಂಟರ ಮಾತು ಕೇಳಿ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಸಿಕೊಂಡರೆ ಅದು ಕಾನೂನಿನ ಕಣ್ಣಿನಲ್ಲಿ ಬೇರೆಯೇ ಒಬ್ಬ. ಒಂದು ದಿರ್ಹಮ್ ವಹಿವಾಟು ಇಲ್ಲದಿದ್ದರೂ ಆ ಕಂಪನಿ ಕಾರ್ಪೊರೇಟ್ ತೆರಿಗೆಗೆ ನೋಂದಾಯಿಸಿಕೊಳ್ಳಬೇಕು, ತೆರಿಗೆ ಅವಧಿ ಮುಗಿದ 9 ತಿಂಗಳೊಳಗೆ ರಿಟರ್ನ್ಸ್ ಸಲ್ಲಿಸಬೇಕು. ನೋಂದಣಿ ತಡವಾದರೆ ದಂಡ 10,000 ದಿರ್ಹಮ್. ತಿಂಗಳಿಗೆ ಅಷ್ಟು ದುಡಿಯಲು ಒದ್ದಾಡುವ ಗುತ್ತಿಗೆದಾರನಿಗೆ ಅದು ಸಣ್ಣ ಮೊತ್ತವಲ್ಲ. 30 ಲಕ್ಷ ದಿರ್ಹಮ್‌ವರೆಗಿನ ವಹಿವಾಟಿನವರಿಗೆ ಸಣ್ಣ ವ್ಯವಹಾರದ ರಿಯಾಯಿತಿ ಇದೆಯಾದರೂ ಅದು ತಾನಾಗಿ ಸಿಗುವುದಿಲ್ಲ, ರಿಟರ್ನ್ಸ್‌ನಲ್ಲಿ ಕೇಳಿಕೊಳ್ಳಬೇಕು. ಮತ್ತು ಅದು 2026ರ ಡಿಸೆಂಬರ್ 31ರೊಳಗೆ ಮುಗಿಯುವ ತೆರಿಗೆ ಅವಧಿಗಳಿಗೆ ಮಾತ್ರ. ಹಾಗೆಂದು ಎಲ್‌ಎಲ್‌ಸಿ ಬೇಡವೆಂದು ನಾನು ಹೇಳುತ್ತಿಲ್ಲ. ಕೆಲಸದಲ್ಲಿ ಅನಾಹುತವಾಗಿ ಪರಿಹಾರ ಕೊಡಬೇಕಾಗಿ ಬಂದರೆ ಎಸ್ಟಾಬ್ಲಿಷ್‌ಮೆಂಟ್ ಇದ್ದವನ ಸ್ವಂತ ಆಸ್ತಿಗೇ ಕೈ ಬೀಳುತ್ತದೆ, ಎಲ್‌ಎಲ್‌ಸಿ ಇದ್ದವನಿಗೆ ಸಾಮಾನ್ಯವಾಗಿ ಹೂಡಿಕೆಯ ಮಿತಿಯ ರಕ್ಷಣೆ ಇರುತ್ತದೆ. ಕಟ್ಟಡದ ಹೊರಗೋಡೆಗೆ ಗಾಜು ಕೂರಿಸುವವನಿಗೂ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬಿಡಿಸುವವನಿಗೂ ಒಂದೇ ಬಗೆಯ ಲೈಸೆನ್ಸ್ ಹೊಂದುವುದಿಲ್ಲ ಎಂಬಷ್ಟನ್ನಾದರೂ ಹಣ ಕಟ್ಟುವ ಮೊದಲು ತಿಳಿದಿರಬೇಕು.

ಇಲ್ಲಿ ನಮ್ಮವರು ಎಡವುವ ಇನ್ನೊಂದು ಜಾಗವನ್ನು ಬಿಡಿಸಿ ಹೇಳಬೇಕು. ಮೇಲೆ ಹೇಳಿದ 10 ಲಕ್ಷ ದಿರ್ಹಮ್ ಎಂಬುದು ಲಾಭವಲ್ಲ, ವಹಿವಾಟು. ಬರೀ ಕೂಲಿ ಗುತ್ತಿಗೆಯವನಿಗೆ ಆ ಮಿತಿ ದೂರವಾಗಿ ಕಾಣಬಹುದು. ಆದರೆ ಸಾಮಾನು ಸಮೇತ ಗುತ್ತಿಗೆ ಹಿಡಿಯುವವನ ಬಿಲ್ಲಿನಲ್ಲಿ ಕೇಬಲ್, ಡಕ್ಟ್ ಶೀಟ್, ಬೋರ್ಡುಗಳ ಬೆಲೆಯೂ ಸೇರುತ್ತದೆ. ಕೈಗೆ ಉಳಿಯುವುದು ನೂರಕ್ಕೆ ಹತ್ತೇ ಆದರೂ ವಹಿವಾಟು ನೋಡನೋಡುತ್ತಲೇ ಮಿತಿ ದಾಟಿರುತ್ತದೆ. ವ್ಯಾಟಿನ ಮಿತಿಯಂತೂ ಇನ್ನೂ ಕೆಳಗಿದೆ: 12 ತಿಂಗಳ ತೆರಿಗೆ ಬೀಳುವ ಪೂರೈಕೆ 3,75,000 ದಿರ್ಹಮ್ ದಾಟಿದರೆ ನೋಂದಣಿ ಕಡ್ಡಾಯ. ನೋಂದಣಿಯಿಲ್ಲದೆ ಮಾಡಿದ ಕೆಲಸದ ಮೇಲೆ ಆಮೇಲೆ ವ್ಯಾಟ್ ಲೆಕ್ಕ ಬಂದಾಗ ಗ್ರಾಹಕ ಕೊಡಲೊಪ್ಪುವುದಿಲ್ಲ, ಗುತ್ತಿಗೆದಾರನೇ ಕೈಯಿಂದ ಕಟ್ಟಬೇಕಾಗುತ್ತದೆ. ಗುತ್ತಿಗೆಯ ಕರಾರಿನಲ್ಲಿ ‘ವ್ಯಾಟ್ ಹೊರತುಪಡಿಸಿ’ ಎಂಬ ಒಂದು ಸಾಲು ಇದ್ದಿದ್ದರೆ ಉಳಿಯಬಹುದಾಗಿದ್ದ ಹಣ ಅದು.

ಫ್ರೀ ಝೋನ್ (ಪ್ರತ್ಯೇಕ ನಿಯಮಗಳಿರುವ ವ್ಯಾಪಾರ ವಲಯ) ಎಂದೊಡನೆ ಸೊನ್ನೆ ತೆರಿಗೆ ಎಂಬ ನಂಬಿಕೆಯೂ ಅರ್ಧ ಸತ್ಯ. ಅಲ್ಲಿಯ ಸೊನ್ನೆ ದರ ಸಿಗಬೇಕಾದರೆ ಆದಾಯ ನಿಗದಿತ ಬಗೆಯದಾಗಿರಬೇಕು, ಆ ಝೋನಿನಲ್ಲಿ ನಿಜವಾದ ಕೆಲಸಕಾರ್ಯ ನಡೆಯಬೇಕು, ಲೆಕ್ಕಪತ್ರದ ಆಡಿಟ್ ಆಗಬೇಕು. ಮೇಜೊಂದರ ವಿಳಾಸ ಮಾತ್ರ ಇಟ್ಟುಕೊಂಡು ಝೋನಿನ ಹೊರಗಿನ, ಅಂದರೆ ಮೈನ್‌ಲ್ಯಾಂಡಿನ ಕಟ್ಟಡಗಳಲ್ಲಿ ಕೆಲಸ ಮಾಡಲು ಹೊರಟರೆ ಅದಕ್ಕೆ ಬೇರೆಯೇ ಅನುಮತಿ ಬೇಕಾಗುತ್ತದೆ. ಮೈನ್‌ಲ್ಯಾಂಡಿನಲ್ಲಿ ಬಹುತೇಕ ವ್ಯವಹಾರಗಳಿಗೆ ಶೇಕಡ 51ರ ಪಾಲಿನ ಸ್ಥಳೀಯ ಸ್ಪಾನ್ಸರ್ ಬೇಕೆಂಬ ಷರತ್ತು 2021ರ ಜೂನಿನಲ್ಲೇ ಹೋಗಿದೆ ಎಂಬುದು ಗೊತ್ತಿಲ್ಲದೆ, ‘ಸ್ಪಾನ್ಸರ್ ಕಾಟ ಬೇಡ’ ಎಂಬ ಒಂದೇ ಕಾರಣಕ್ಕೆ ಫ್ರೀ ಝೋನಿಗೆ ಹೋದವರನ್ನು ನಾನು ಕಂಡಿದ್ದೇನೆ.

ಸೌದಿ ಅರೇಬಿಯಾದ ಸಂಗತಿ ಬೇರೆ, ಮತ್ತು ಹೆಚ್ಚು ಗಂಭೀರ. ಅಲ್ಲಿ ವ್ಯಾಟ್ 2020ರ ಜುಲೈಯಿಂದ ಶೇಕಡ 15. ವಿದೇಶಿಯರ ವ್ಯವಹಾರದ ಲಾಭಕ್ಕೆ ಶೇಕಡ 20ರ ಆದಾಯ ತೆರಿಗೆ. ಇವೆರಡರಿಂದ ತಪ್ಪಿಸಿಕೊಳ್ಳಲು ಕಫೀಲನ (ಸ್ಥಳೀಯ ಸ್ಪಾನ್ಸರನ) ಹೆಸರಿನಲ್ಲಿ ಅಂಗಡಿ ಅಥವಾ ಗುತ್ತಿಗೆ ನಡೆಸಿ, ಅವನಿಗೆ ತಿಂಗಳಿಗಿಷ್ಟು ಎಂದು ಕೊಟ್ಟು ಉಳಿದದ್ದನ್ನು ತಾವು ಇಟ್ಟುಕೊಳ್ಳುವ ಪದ್ಧತಿ ನಮ್ಮವರಲ್ಲಿ ಹಿಂದಿನಿಂದಲೂ ಇದೆ. ‘ತಸತ್ತುರ್’ ಎಂದು ಅಲ್ಲಿ ಕರೆಯುವ ಈ ಮುಚ್ಚುಮರೆಯ ವ್ಯವಹಾರಕ್ಕೆ 2020ರಲ್ಲಿ ಬಂದ ಹೊಸ ಕಾನೂನಿನ ಪ್ರಕಾರ 5 ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ ವಿಧಿಸಬಹುದು. ಶಿಕ್ಷೆ ಮುಗಿದ ಮೇಲೆ ಗಡೀಪಾರು. ಎಲ್ಲರೂ ಹೀಗೇ ಮಾಡುವುದು ಎಂದು ಹೇಳುವ ಬಂಧುಗಳ ಭರವಸೆ ಅಲ್ಲಿಯ ನ್ಯಾಯಾಲಯದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಮಾನಿಗೆ ಹೋಗುವವರು 2028ರಿಂದ ಅಲ್ಲಿ ವ್ಯಕ್ತಿಗಳ ಆದಾಯಕ್ಕೇ ತೆರಿಗೆ ಬರುತ್ತದೆಂಬುದನ್ನು ಗಮನಿಸಬೇಕು. ವರ್ಷಕ್ಕೆ 42,000 ರಿಯಾಲ್ ಮೀರಿದ ಆದಾಯಕ್ಕೆ ಶೇಕಡ 5 ಆದುದರಿಂದ ನಮ್ಮವರಲ್ಲಿ ಹೆಚ್ಚಿನವರಿಗೆ ಅದು ತಟ್ಟಲಿಕ್ಕಿಲ್ಲ.

ಇನ್ನು ನಮ್ಮ ದೇಶದ ಲೆಕ್ಕಕ್ಕೆ ಬರುತ್ತೇನೆ. ನನ್ನ ಕಚೇರಿಗೆ ಬರುವ ತಕರಾರುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಮಾಡಲಾಗಿದ್ದು, ‘ತೆರಿಗೆ ವರ್ಷ’ ಎಂಬ ಹೊಸ ಹೆಸರು ಬಂದಿದ್ದರೂ, ಯಾರು ನಿವಾಸಿ, ಯಾರು ಅನಿವಾಸಿ ಎಂಬುದನ್ನು ದಿನಗಳ ಲೆಕ್ಕದಿಂದ ತೀರ್ಮಾನಿಸುವ ಕ್ರಮ ಮುಖ್ಯವಾಗಿ ಹಿಂದಿನದೇ. ಏಪ್ರಿಲಿನಿಂದ ಮಾರ್ಚಿನವರೆಗಿನ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವನು ನಿವಾಸಿ. ವಿದೇಶಕ್ಕೆ ಉದ್ಯೋಗಕ್ಕಾಗಿ ಹೊರಟ ವರ್ಷದಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿದವನು ಅನಿವಾಸಿ. 29ಕ್ಕೆ ಹತ್ತಿದರೆ 182 ದಿನ ತುಂಬಿ ಆ ಇಡೀ ವರ್ಷಕ್ಕೆ ನಿವಾಸಿ. ಒಂದು ದಿನದ ಟಿಕೆಟ್ ಅಂತರದಲ್ಲಿ ಒಂದು ವರ್ಷದ ತೆರಿಗೆ ತೂಗುತ್ತಿರುತ್ತದೆ. ‘ಉದ್ಯೋಗ’ ಎಂದರೆ ಸಂಬಳದ ನೌಕರಿ ಮಾತ್ರವೇ, ಸ್ವಂತ ವ್ಯವಹಾರ ಮಾಡಲು ಹೋದವನಿಗೆ ಈ ಸೌಲಭ್ಯ ಇಲ್ಲವೇ ಎಂಬ ಪ್ರಶ್ನೆ ಹಿಂದೆ ಕೇರಳ ಹೈಕೋರ್ಟಿನ ಮುಂದೆಯೇ ಬಂದಿತ್ತು. ಸ್ವಂತ ದುಡಿಮೆಯೂ ಅದರಲ್ಲಿ ಸೇರುತ್ತದೆ ಎಂದು ನ್ಯಾಯಾಲಯ ಹೇಳಿದೆ. ಗುತ್ತಿಗೆದಾರರಿಗೆ ಇದು ದೊಡ್ಡ ಆಸರೆ.

ಊರಿಗೆ ಬಂದು ಹೋಗುವ ದಿನಗಳ ಲೆಕ್ಕದಲ್ಲಿ ನಮ್ಮ ಕಡೆಯ ರೂಢಿ ಹೆಚ್ಚಾಗಿ ಅನುಕೂಲಕ್ಕೇ ಬರುತ್ತದೆ. ಮದುವೆ, ಮನೆಯೊಕ್ಕಲು, ಕೋಲ, ನೇಮ, ಜಾತ್ರೆಗಳೆಲ್ಲ ಜನವರಿಯಿಂದ ಮೇ ತಿಂಗಳ ನಡುವೆ ಇರುವುದರಿಂದ ರಜೆ ಎರಡು ತೆರಿಗೆ ವರ್ಷಗಳಿಗೆ ಹಂಚಿಹೋಗುತ್ತದೆ. ಜನವರಿ 20ಕ್ಕೆ ಬಂದು ಜೂನ್ 10ಕ್ಕೆ ಮರಳಿದವನು ಒಟ್ಟು 142 ದಿನ ಊರಿನಲ್ಲಿದ್ದರೂ ಲೆಕ್ಕದಲ್ಲಿ ಮಾರ್ಚಿಗೆ ಮುಗಿದ ವರ್ಷಕ್ಕೆ 71, ಮುಂದಿನ ವರ್ಷಕ್ಕೆ 71. ಆದರೆ ಮನೆ ಕಟ್ಟಿಸಲೆಂದು ಜೂನ್ 1ಕ್ಕೆ ಬಂದು ನವೆಂಬರ್ 29ರವರೆಗೆ ನಿಂತವನಿಗೆ ಒಂದೇ ವರ್ಷದಲ್ಲಿ 182 ತುಂಬಿಬಿಡುತ್ತದೆ. ಅದೇ ತೆರಿಗೆ ವರ್ಷದ ಫೆಬ್ರವರಿಯಲ್ಲಿ ತಂಗಿಯ ಮದುವೆಗೆ ಬರಬೇಕಾದವನು ನವೆಂಬರಿಗೆ ಮೊದಲೇ ಆ ದಿನಗಳನ್ನೂ ಎಣಿಸಿಟ್ಟುಕೊಳ್ಳಬೇಕು. ದುಬೈಯ ಸ್ಮಾರ್ಟ್ ಗೇಟಿನಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲವಾದ್ದರಿಂದ ಬೋರ್ಡಿಂಗ್ ಪಾಸನ್ನೂ ಟಿಕೆಟಿನ ಪ್ರತಿಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಇಲ್ಲಿಯವರೆಗಿನದು ಸಂಬಳದವನಿಗೂ ಗುತ್ತಿಗೆದಾರನಿಗೂ ಸಮಾನ. ಇಬ್ಬರ ದಾರಿ ಬೇರೆಯಾಗುವುದು ಮುಂದಿನ ಹೆಜ್ಜೆಯಲ್ಲಿ. ಬಹಳ ವರ್ಷ ಹೊರಗಿದ್ದವನು ಒಂದು ವರ್ಷ ದಿನ ಮೀರಿ ನಿವಾಸಿಯಾದರೂ ಕಾನೂನು ಅವನನ್ನು ತಕ್ಷಣ ಪೂರ್ಣ ನಿವಾಸಿಯೆಂದು ಎಣಿಸುವುದಿಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನಕ್ಕಿಂತ ಹೆಚ್ಚು ಇಲ್ಲಿ ಇರದಿದ್ದರೆ ಅವನು ‘ಸಾಮಾನ್ಯ ನಿವಾಸಿಯಲ್ಲದ ನಿವಾಸಿ’. ಅವನ ವಿದೇಶಿ ಆದಾಯಕ್ಕೆ ಇಲ್ಲಿ ತೆರಿಗೆ ಇಲ್ಲ. ಸಂಬಳದವನ ಮಟ್ಟಿಗೆ ಮಾತು ಇಲ್ಲಿಗೇ ಮುಗಿಯಿತು. ಗುತ್ತಿಗೆದಾರನಿಗೆ ಮುಗಿಯಲಿಲ್ಲ, ಏಕೆಂದರೆ ಇದೇ ನಿಯಮದ ಬಾಲದಲ್ಲಿ ಒಂದು ಅಪವಾದವಿದೆ: ಭಾರತದಿಂದ ನಿಯಂತ್ರಿಸುವ ವ್ಯವಹಾರದ ಆದಾಯ, ಭಾರತದಲ್ಲಿ ಸ್ಥಾಪಿಸಿದ ವೃತ್ತಿಯ ಆದಾಯ ಈ ವಿನಾಯಿತಿಯಿಂದ ಹೊರಗೆ. ಶಾರ್ಜಾದ ಲೈಸೆನ್ಸ್ ತನ್ನೊಬ್ಬನ ಹೆಸರಿನಲ್ಲಿದ್ದು, ಕೆಲಸಕ್ಕೆ ನಾಲ್ಕು ಮಂದಿಯನ್ನು ಅಲ್ಲಿ ಬಿಟ್ಟು, ತಾನು ಏಳೆಂಟು ತಿಂಗಳು ಬದಿಯಡ್ಕದ ಮನೆಯ ಜಗಲಿಯಲ್ಲಿ ಕುಳಿತು ವಾಟ್ಸಾಪಿನಲ್ಲಿ ಕೊಟೇಶನ್ ಕಳಿಸಿ, ಯಾರಿಗೆ ಎಷ್ಟು ಹಣ ಕೊಡಬೇಕೆಂದು ತೀರ್ಮಾನಿಸುವವನ ವ್ಯವಹಾರದ ನಿಯಂತ್ರಣ ಎಲ್ಲಿದೆ ಎಂದು ಅಧಿಕಾರಿ ಕೇಳಿದರೆ ಶಾರ್ಜಾದಲ್ಲಿ ಎಂದು ಹೇಳುವುದು ಸುಲಭವಲ್ಲ. ಈಚಿನ ವರ್ಷಗಳಲ್ಲಿ ಊರಿನಿಂದಲೇ ಸೈಟ್ ನಡೆಸುವ ಅಭ್ಯಾಸ ನಮ್ಮವರಲ್ಲಿ ಬೇರೂರಿರುವುದರಿಂದ, ಲೈಸೆನ್ಸಿನ ಮೇಲಿನ ವಿಳಾಸಕ್ಕಿಂತ ತೀರ್ಮಾನ ಕೈಗೊಳ್ಳುವ ಮನುಷ್ಯ ಎಲ್ಲಿದ್ದಾನೆ ಎಂಬುದೇ ಮುಖ್ಯವೆಂದು ಒತ್ತಿ ಹೇಳುತ್ತಿದ್ದೇನೆ.

ಭಾರತದ ಮೂಲದ ಆದಾಯ 15 ಲಕ್ಷ ರೂಪಾಯಿ ಮೀರಿದವರಿಗೆ 2020ರ ತಿದ್ದುಪಡಿಯಿಂದ ಎರಡು ಬಿಗಿಗಳು ಬಂದಿವೆ. ಮೊದಲನೆಯದು, ಹಿಂದಿನ 4 ವರ್ಷಗಳಲ್ಲಿ 365 ದಿನ ಇಲ್ಲಿದ್ದವರಿಗೆ ಭೇಟಿಯ ಮಿತಿ 182ರ ಬದಲು 120 ದಿನ. ಎರಡನೆಯದು, ವಾಸದ ಕಾರಣದಿಂದ ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆ ಒಂದು ದಿನವೂ ಇಲ್ಲಿರದಿದ್ದರೂ ನಿವಾಸಿಯೆಂದೇ ಪರಿಗಣಿತ. ಈ 15 ಲಕ್ಷದ ಲೆಕ್ಕಕ್ಕೂ ಭಾರತದಿಂದ ನಿಯಂತ್ರಿಸುವ ವ್ಯವಹಾರದ ವಿದೇಶಿ ಲಾಭ ಸೇರುತ್ತದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಟ್ಟಡದ ಬಾಡಿಗೆ, ಠೇವಣಿಯ ಬಡ್ಡಿ ಸೇರಿಸಿದರೂ ತನಗೆ 4 ಲಕ್ಷ ದಾಟುವುದಿಲ್ಲ ಎಂದು ನಿಶ್ಚಿಂತೆಯಿಂದಿರುವವನ ಖಾತೆಗೆ ಆ ಲಾಭ ಬಂದು ಕುಳಿತರೆ ಚಿತ್ರವೇ ಬೇರೆ.

ಇದಕ್ಕೆಲ್ಲ ಉಪಯೋಗಕ್ಕೆ ಬರುವ ಕಾಗದವೆಂದರೆ ಎಮಿರೇಟ್ಸ್‌ನ ತೆರಿಗೆ ನಿವಾಸ ಪ್ರಮಾಣಪತ್ರ. ಭಾರತ ಮತ್ತು ಎಮಿರೇಟ್ಸ್ 1992ರಲ್ಲಿ ಮಾಡಿಕೊಂಡ ಎರಡು ಬಾರಿಯ ತೆರಿಗೆ ತಡೆಯುವ ಒಪ್ಪಂದದ ಲಾಭ ಕೇಳುವವನು ಅದನ್ನು ತೋರಿಸಬೇಕು, ಒಪ್ಪಂದದ ಪ್ರಕಾರ ಕ್ಯಾಲೆಂಡರ್ ವರ್ಷದಲ್ಲಿ ಕನಿಷ್ಠ 183 ದಿನ ಅಲ್ಲಿ ಇದ್ದಿರಬೇಕು. ಅದು ಇದ್ದರೆ ಊರಿನ ಎನ್‌ಆರ್‌ಓ (ಅನಿವಾಸಿಯ ಇಲ್ಲಿಯ ಆದಾಯ ಇಡುವ ಖಾತೆಯ) ಠೇವಣಿಯ ಬಡ್ಡಿಗೆ ಬ್ಯಾಂಕು ಹಿಡಿಯುವ ತೆರಿಗೆಯೂ ಸೆಸ್ ಸೇರಿ 31.2ರಿಂದ ಶೇಕಡ 12.5ಕ್ಕೆ ಇಳಿಯುತ್ತದೆ. ಲೈಸೆನ್ಸಿಗೆ ಸಾವಿರಾರು ದಿರ್ಹಮ್ ಸುರಿಯುವ ಗುತ್ತಿಗೆದಾರರಲ್ಲಿ ಈ ಪ್ರಮಾಣಪತ್ರ ಮಾಡಿಸಿದವರು ನನಗೆ ಕಾಣಸಿಗುವುದು ಬಹಳ ಅಪರೂಪ. ಏಜೆಂಟರಿಗೆ ಇದರಲ್ಲಿ ಗಿಟ್ಟುವುದು ಹೆಚ್ಚಿಲ್ಲ ಎಂಬುದೇ ಕಾರಣವಿರಬೇಕು.

ಕಂಪನಿಯ ಮಟ್ಟಿಗೆ ಹೇಳುವುದಾದರೆ, ವಿದೇಶಿ ಕಂಪನಿಯ ಮುಖ್ಯ ತೀರ್ಮಾನಗಳೆಲ್ಲ ಭಾರತದಲ್ಲೇ ಆಗುತ್ತಿದ್ದರೆ ಆ ಕಂಪನಿಯನ್ನೇ ಭಾರತದ ನಿವಾಸಿಯೆಂದು ನೋಡುವ ನಿಯಮವಿದೆ. ವರ್ಷಕ್ಕೆ 50 ಕೋಟಿ ರೂಪಾಯಿವರೆಗಿನ ವಹಿವಾಟಿನವರಿಗೆ ಅದು ಅನ್ವಯಿಸದೆಂದು 2017ರ ಸುತ್ತೋಲೆ ಹೇಳಿರುವುದರಿಂದ ಸಣ್ಣ ಗುತ್ತಿಗೆದಾರರು ಆ ಭಯ ಇಟ್ಟುಕೊಳ್ಳಬೇಕಾಗಿಲ್ಲ. ಅವರು ಎಚ್ಚರದಿಂದಿರಬೇಕಾದುದು ಪಾಲುದಾರರ ವಿಷಯದಲ್ಲಿ. ಊರಿನಲ್ಲೇ ಇರುವ ತಮ್ಮನನ್ನೋ ಭಾವನನ್ನೋ ಹೆಸರಿಗೆ ಮಾತ್ರ ಪಾಲುದಾರನಾಗಿ ಸೇರಿಸುವುದು ನಮ್ಮಲ್ಲಿ ಸಾಮಾನ್ಯ. ಇಲ್ಲಿ ವಾಸಿಸುವವನು ವಿದೇಶಿ ಕಂಪನಿಯ ಪಾಲು ಪಡೆದರೆ ಅದು 2022ರ ಆಗಸ್ಟಿನಲ್ಲಿ ಬಂದ ಸಾಗರೋತ್ತರ ಹೂಡಿಕೆಯ ನಿಯಮಗಳೊಳಗೆ ಬರುತ್ತದೆ. ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ವರದಿ ಹೋಗಬೇಕು, ಹಣ ಕಳಿಸುವುದು ವರ್ಷಕ್ಕೆ 2.5 ಲಕ್ಷ ಡಾಲರಿನ ಮಿತಿಯೊಳಗಿರಬೇಕು, ಮತ್ತು ಅವನ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಪಾಲು ಕಾಣಬೇಕು. ದುಬೈಯನ್ನು ಒಮ್ಮೆಯೂ ನೋಡದ ತಮ್ಮ, ಅಣ್ಣನ ಉಪಕಾರಕ್ಕೆ ಸಹಿ ಹಾಕಿದ ಕಾರಣಕ್ಕೆ, 2015ರ ಕಪ್ಪುಹಣ ಕಾಯ್ದೆಯ 10 ಲಕ್ಷ ರೂಪಾಯಿ ದಂಡದ ಬಾಗಿಲಿಗೆ ಬಂದು ನಿಲ್ಲಬಹುದು. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷ ರೂಪಾಯಿವರೆಗಿನ ವಿದೇಶಿ ಆಸ್ತಿಗೆ ಈ ದಂಡವನ್ನು 2024ರ ಅಕ್ಟೋಬರಿನಿಂದ ಸಡಿಲಿಸಿರುವುದು ಸಮಾಧಾನದ ಸಂಗತಿಯೇ ಹೊರತು ವರದಿ ಮಾಡುವ ಹೊಣೆ ತಪ್ಪಿಲ್ಲ.

ಊರಿಗೆ ಹಣ ಬರುವ ದಾರಿಯಲ್ಲೂ ಗುತ್ತಿಗೆದಾರನಿಗೆ ಪ್ರತ್ಯೇಕ ಎಚ್ಚರ ಬೇಕು. ಮಗ ತನ್ನ ಖಾತೆಯಿಂದ ತಂದೆಗೆ ಕಳಿಸಿದ ಹಣ ಹತ್ತಿರದ ಬಂಧುವಿನ ಕೊಡುಗೆ, ಅದಕ್ಕೆ ತೆರಿಗೆ ಇಲ್ಲ. ಅದೇ ಹಣ ಮಗನ ಎಲ್‌ಎಲ್‌ಸಿಯ ಖಾತೆಯಿಂದ ನೇರವಾಗಿ ತಂದೆಯ ಖಾತೆಗೆ ಬಂದರೆ ಕೊಟ್ಟವರು ಮಗನಲ್ಲ, ಕಂಪನಿ. ಕಂಪನಿ ಯಾರಿಗೂ ಬಂಧುವಲ್ಲ. ವರ್ಷದಲ್ಲಿ 50,000 ರೂಪಾಯಿ ಮೀರಿದರೆ ಪೂರ್ತಿ ಮೊತ್ತ ತಂದೆಯ ಆದಾಯವಾಗಿಬಿಡಬಹುದು. ಮೊದಲು ಸಂಬಳವಾಗಿಯೋ ಲಾಭಾಂಶವಾಗಿಯೋ ಮಗನ ಸ್ವಂತ ಖಾತೆಗೆ ತೆಗೆದುಕೊಂಡು, ಅಲ್ಲಿಂದ ವಿದೇಶದ ದುಡಿಮೆ ಇಡುವ ಎನ್‌ಆರ್‌ಇ ಖಾತೆಗೆ ಅಥವಾ ತಂದೆಗೆ ಕಳಿಸಿದರೆ ಈ ತೊಡಕೇ ಇಲ್ಲ. ಖರ್ಚು ಏನೂ ಇಲ್ಲದ ಇಷ್ಟು ಸಣ್ಣ ಎಚ್ಚರಿಕೆಯನ್ನು ಹೇಳಿಕೊಡುವವರಿಲ್ಲದೆ ಎಷ್ಟೋ ಹಿರಿಯರು ನೋಟಿಸ್ ಹಿಡಿದುಕೊಂಡು ಅಲೆಯುತ್ತಿದ್ದಾರೆ. ಹಾಗೆಯೇ ವಿದೇಶಕ್ಕೆ ದುಡಿಯಲು ಹೋದೊಡನೆ ಇಲ್ಲಿಯ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಆಗಿ ಬದಲಿಸಬೇಕೆಂಬುದು ವಿದೇಶಿ ವಿನಿಮಯ ಕಾನೂನಿನ ನಿಯಮ. ಅಲ್ಲಿ 182 ದಿನದ ಲೆಕ್ಕ ನಡೆಯುವುದಿಲ್ಲ, ಹೊರಟ ಉದ್ದೇಶವೇ ಮುಖ್ಯ.

ಮತ್ತೆ ತೋಟದ ಮಾತು. ನಾಲ್ಕು ಕಾಸು ಕೂಡಿದೊಡನೆ ಅಡಿಕೆ ತೋಟ ಕೊಳ್ಳುವುದು ನಮ್ಮ ನಾಡಿನವರ ಸ್ವಭಾವ. ಎಣ್ಮಕಜೆಯಲ್ಲೋ ಬೆಳ್ಳೂರಿನಲ್ಲೋ ಒಳ್ಳೆಯ ನೀರಿರುವ ಜಾಗ ಮಾರಾಟಕ್ಕಿದೆ ಎಂದು ಕೇಳಿದರೆ ದುಬೈಯಲ್ಲಿದ್ದವನಿಗೂ ನಿದ್ರೆ ಬರುವುದಿಲ್ಲ. ಆದರೆ ಅನಿವಾಸಿ ಭಾರತೀಯ ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ಫಾರ್ಮ್‌ಹೌಸನ್ನಾಗಲಿ ಕ್ರಯಕ್ಕೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಮನೆ, ಫ್ಲ್ಯಾಟ್, ವಾಣಿಜ್ಯ ಕಟ್ಟಡ ಕೊಳ್ಳಬಹುದು. ರಜೆಯಲ್ಲಿ ಬಂದು ಆಧಾರ್, ಪಾನ್ ತೋರಿಸಿ ನೋಂದಣಿ ಮಾಡಿಸಿಕೊಂಡು ಹೋದವನಿಗೆ ಆ ಹೊತ್ತಿಗೆ ಯಾರೂ ಏನೂ ಕೇಳದಿರಬಹುದು. ಮುಂದೆ ತೋಟ ಮಾರಿ ಹಣವನ್ನು ವಿದೇಶಕ್ಕೆ ಒಯ್ಯಲು ಬ್ಯಾಂಕಿಗೆ ಹೋದಾಗ ಕ್ರಯಪತ್ರದ ದಿನಾಂಕವೂ ಪಾಸ್‌ಪೋರ್ಟಿನ ಮುದ್ರೆಯೂ ಅಕ್ಕಪಕ್ಕ ಬರುತ್ತವೆ. ತೋಟ ಕೊಳ್ಳುವ ಆಸೆಯಿದ್ದರೆ ಗಲ್ಫಿನ ಕೆಲಸ ಬಿಟ್ಟು ಊರಿಗೆ ನೆಲೆಸಲು ಮರಳಿದ ಮೇಲೆ ಕೊಳ್ಳುವುದೇ ನೇರ ದಾರಿ.

ಮರಳಿ ಬರುವವರಿಗೆ ಕಾನೂನು ಸಾಕಷ್ಟು ಉದಾರವಾಗಿದೆ ಎಂಬುದನ್ನೂ ಹೇಳಬೇಕು. ಅನಿವಾಸಿಯಾಗಿದ್ದಾಗ ವಿದೇಶದಲ್ಲಿ ಗಳಿಸಿದ ಆಸ್ತಿಯನ್ನು, ಅಲ್ಲಿಯ ಬ್ಯಾಂಕ್ ಖಾತೆಯನ್ನು ಬಂದ ಮೇಲೂ ಇಟ್ಟುಕೊಳ್ಳಬಹುದು. ಹಿಂದೆ ಹೇಳಿದ 9 ವರ್ಷ ಅಥವಾ 729 ದಿನದ ನಿಯಮದ ಕೆಳಗೆ ಒಂದೆರಡು ವರ್ಷ ಅಲ್ಲಿಯ ಬಡ್ಡಿ, ಬಾಡಿಗೆಗಳಿಗೆ ತೆರಿಗೆ ಬೀಳುವುದಿಲ್ಲ. ಆ ಅವಧಿ ಮುಗಿದ ಮೇಲೆ ಮಾತ್ರ ಎಲ್ಲವನ್ನೂ ರಿಟರ್ನ್ಸ್‌ನಲ್ಲಿ ತೋರಿಸಲೇಬೇಕು. ಎಮಿರೇಟ್ಸ್ ಸೇರಿ ಅನೇಕ ದೇಶಗಳ ಬ್ಯಾಂಕುಗಳ ಮಾಹಿತಿ ಈಗ ವರ್ಷಕ್ಕೊಮ್ಮೆ ತಾನಾಗಿಯೇ ನಮ್ಮ ತೆರಿಗೆ ಇಲಾಖೆಗೆ ಬರುತ್ತದೆ. ಖಾತೆ ತೆರೆಯುವಾಗ ಊರಿನ ವಿಳಾಸ, ಪಾನ್ ಬರೆದುಕೊಟ್ಟವರ ಹೆಸರು ಅದರಲ್ಲಿ ಇರದೆ ಹೋಗುವುದಿಲ್ಲ. ಅಲ್ಲಿಯ ಲೈಸೆನ್ಸನ್ನು ನವೀಕರಿಸದೆ ಬಿಟ್ಟುಬಂದರೆ ಅದು ತಾನಾಗಿ ಸಾಯುತ್ತದೆ ಎಂದು ತಿಳಿಯುವುದೂ ತಪ್ಪು. ವ್ಯವಹಾರ ನಿಲ್ಲಿಸಿದ 3 ತಿಂಗಳೊಳಗೆ ತೆರಿಗೆ ನೋಂದಣಿ ರದ್ದಿಗೆ ಅರ್ಜಿ ಹಾಕದಿದ್ದರೆ ದಂಡ ಬೆಳೆಯುತ್ತಾ ಹೋಗುತ್ತದೆ, ಮುಂದೆ ಹೊಸ ವೀಸಾಕ್ಕೆ ಹೋದಾಗ ಹಳೆಯ ಬಾಕಿ ಎದುರಾಗಬಹುದು.

ದೇಶ ಬಿಡದೆ, ಮನೆಯಲ್ಲೇ ಕುಳಿತು ವಿದೇಶಿ ಕಂಪನಿಗಳಿಗೆ ಗುತ್ತಿಗೆಯಲ್ಲಿ ದುಡಿಯುವ ಯುವಕ ಯುವತಿಯರೂ ಈಗ ಇದ್ದಾರೆ. ಇವರಿಗೆ ದುಬೈಯ ಲೈಸೆನ್ಸ್ ಮಾರುವುದಂತೂ ಶುದ್ಧ ವಂಚನೆಯೆಂದೇ ನನ್ನ ಅಭಿಪ್ರಾಯ, ಏಕೆಂದರೆ ಅವರು ಎಲ್ಲ ಲೆಕ್ಕದಲ್ಲೂ ಇಲ್ಲಿಯ ನಿವಾಸಿಗಳು. ಇಂಜಿನಿಯರಿಂಗ್, ತಾಂತ್ರಿಕ ಸಲಹೆಯಂಥ ನಿಗದಿತ ವೃತ್ತಿಯವರಿಗೆ 50 ಲಕ್ಷ ರೂಪಾಯಿವರೆಗೆ, ನಗದು ವ್ಯವಹಾರ ಶೇಕಡ 5ರೊಳಗಿದ್ದರೆ 75 ಲಕ್ಷದವರೆಗೆ, ಬಂದ ಹಣದ ಅರ್ಧವನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟುವ ಸರಳ ಕ್ರಮ ನಮ್ಮ ದೇಶದಲ್ಲೇ ಇದೆ. ವಿದೇಶಕ್ಕೆ ಒದಗಿಸುವ ಸೇವೆ ರಫ್ತು ಎನಿಸಿಕೊಳ್ಳುವುದರಿಂದ 20 ಲಕ್ಷ ದಾಟಿ ಜಿಎಸ್‌ಟಿ ನೋಂದಣಿ ಮಾಡಿಸಿದರೂ, ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿಟ್ಟರೆ ತೆರಿಗೆ ಕಟ್ಟಬೇಕಾಗಿಲ್ಲ.

ಇಷ್ಟನ್ನು ತಿಳಿಯಲು ಕಾಸರಗೋಡಿನ ಕನ್ನಡಿಗ ಎಲ್ಲಿಗೆ ಹೋಗಬೇಕು? ಕೇರಳ ಸರ್ಕಾರದ ಸಂಸ್ಥೆ ನೋರ್ಕಾ ರೂಟ್ಸ್ ಅನಿವಾಸಿಗಳಿಗಾಗಿ ಒಳ್ಳೆಯ ಕೆಲಸ ಮಾಡುತ್ತಿದೆ. ಹೊರಡುವ ಮುನ್ನದ ತರಬೇತಿಯೂ ಇದೆ. ಆದರೆ ಅದರ ಗಮನವೆಲ್ಲ ನೌಕರಿಗೆ ಹೋಗುವವರ ಮೇಲೆ, ಭಾಷೆ ಮಲಯಾಳ ಅಥವಾ ಇಂಗ್ಲಿಷ್. ಕರ್ನಾಟಕದ ಅನಿವಾಸಿ ಭಾರತೀಯರ ವ್ಯವಸ್ಥೆಗಳು 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗಡಿಯಾಚೆ ಉಳಿದ ನಮ್ಮನ್ನು ತಮ್ಮವರೆಂದು ಎಣಿಸುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿರುವಾಗ, ನೋರ್ಕಾದ ಜಿಲ್ಲಾ ಕೇಂದ್ರ ಸ್ವಂತ ಲೈಸೆನ್ಸಿನಲ್ಲಿ ಹೋಗುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿಯನ್ನೂ ತಿಂಗಳಿಗೊಂದು ಸಲಹಾ ದಿನವನ್ನೂ ಏರ್ಪಡಿಸಬೇಕೆಂದು ಒತ್ತಾಯಿಸುತ್ತೇನೆ. ಲೆಕ್ಕಪರಿಶೋಧಕರ ಸಂಸ್ಥೆಯ ಮಂಗಳೂರು ಶಾಖೆಯವರು ಮನಸ್ಸು ಮಾಡಿದರೆ ಏಪ್ರಿಲ್, ಮೇ ತಿಂಗಳ ರಜೆಯ ಕಾಲದಲ್ಲಿ ಕುಂಬಳೆ, ಉಪ್ಪಳ, ಬದಿಯಡ್ಕಗಳಲ್ಲಿ ಒಂದೊಂದು ದಿನ ಶಿಬಿರ ನಡೆಸುವುದು ಕಷ್ಟವಲ್ಲ. ನಮ್ಮಂಥ ಸಣ್ಣ ಕಚೇರಿಯವರು ಮೇಜು ಕುರ್ಚಿ ಹಾಕಲು ಸಿದ್ಧರಿದ್ದೇವೆ.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿಯಿದೆ. ವಿದೇಶದಲ್ಲಿ ಕಂಪನಿ ಮಾಡಿಸಿಕೊಡುತ್ತೇವೆಂಬ ಜಾಹೀರಾತುಗಳನ್ನು ಸ್ವೀಕರಿಸುವಾಗ ನವೀಕರಣದ ಶುಲ್ಕ, ತೆರಿಗೆ ನೋಂದಣಿ ಮತ್ತು ರದ್ದತಿಯ ಖರ್ಚುಗಳನ್ನೂ ಅದರಲ್ಲೇ ಅಚ್ಚು ಮಾಡಬೇಕೆಂಬ ಷರತ್ತು ಹಾಕಿದರೆ ಹಣ ಕಟ್ಟುವ ಮೊದಲೇ ಓದುಗರಿಗೆ ಪೂರ್ತಿ ಲೆಕ್ಕ ಸಿಕ್ಕಂತಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ
ಬದಿಯಡ್ಕ, ಕಾಸರಗೋಡು ಜಿಲ್ಲೆ